ಸಾವಿಗೆ ಕೂಗಿದ ಒನ್ಸ್ ಮೋರ್

ಶಿಷ್ಯನು ಕೇಳಿದನು: “ಗುರುಗಳೇ, ಇಂಗ್ಲೆಂಡಿನಲ್ಲಿ ಜೇಮ್ಸ್ ದೊರೆಯ ಕಾಲದಲ್ಲಿ ಬರೆದ ಸೇಡಿನ ನಾಟಕಗಳನ್ನು ಓದುತ್ತಿದ್ದೇನೆ. ನಾನೂರು ವರ್ಷ ಹಳೆಯವು. ವಿಷ, ಕತ್ತಿ, ಹೆಣ. ಕೊನೆಗೆ ಸೇಡು ತೀರಿಸಿಕೊಂಡವನೂ ಉಳಿಯುವುದಿಲ್ಲ. ನಾನು ಇರುವೆಯನ್ನೂ ತುಳಿಯದವನು. ಆದರೂ ಪುಸ್ತಕ ಕೆಳಗಿಡಲಾಗುತ್ತಿಲ್ಲ. ಈ ಕಾಲದವರಾದ ನಮಗೆ ಅವುಗಳಲ್ಲಿ ಹಿಡಿಸುವುದಾದರೂ ಏನು?”

ಗುರುಗಳು ಹೇಳಿದರು:

ಒಬ್ಬ ಕಲ್ಲುಕುಟಿಗನಿದ್ದನು. ಅವನ ಒಬ್ಬಳೇ ಮಗಳನ್ನು ಅದೇ ಊರಿನ ವರ್ತಕನೊಬ್ಬ ಕೊಂದನು. ಎಲ್ಲರಿಗೂ ಗೊತ್ತಿತ್ತು, ಸಾಕ್ಷಿ ಹೇಳುವವರಿರಲಿಲ್ಲ. ವರ್ತಕನನ್ನು ಬಿಟ್ಟುಬಿಟ್ಟರು. ಕಲ್ಲುಕುಟಿಗನು ಉಳಿಯನ್ನು ಮಸೆದು ಸೊಂಟಕ್ಕೆ ಸಿಕ್ಕಿಸಿಕೊಂಡನು.

ಆಗ ಊರಿಗೆ ಒಂದು ನಾಟಕ ಕಂಪನಿ ಬಂದಿತು. ಮಗಳನ್ನು ಕಳೆದುಕೊಂಡ ತಂದೆಯೊಬ್ಬ ಕೊಂದವನನ್ನು ಹುಡುಕಿ ಕೊಲ್ಲುವ ನಾಟಕ. ಕಲ್ಲುಕುಟಿಗನು ದಿನವೂ ಮಧ್ಯಾಹ್ನದ ಆಟಕ್ಕೆ ಹೋದನು. ಒಳ್ಳೆಯ ಹಾಡಿಗೆ “ಒನ್ಸ್ ಮೋರ್” ಎಂದು ಕೂಗುವುದು ಜನರ ವಾಡಿಕೆ. ಇವನು ಖಳನ ಸಾವಿಗೆ ಕೂಗುತ್ತಿದ್ದನು. ಕಂಪನಿಯವರು ಆ ಕೂಗಿಗೆ ಇಲ್ಲವೆನ್ನುವವರಲ್ಲ. ಸತ್ತವನು ಎದ್ದು, ಪೇಟ ಸರಿಮಾಡಿಕೊಂಡು, ಮತ್ತೆ ಕತ್ತಿಗೆ ಎದೆಯೊಡ್ಡಿ ಸಾಯುತ್ತಿದ್ದನು. ಒಂದು ದಿನ ಮೂರು ಸಲ ಸತ್ತನು.

“ಸಾಕು ಮಾಡೋ ಮಾರಾಯ, ಪಾಪ, ಅವನೂ ಮನೆಗೆ ಹೋಗಿ ಉಣ್ಣಬೇಕು” ಎಂದು ಹಿಂದಿನ ಸಾಲಿನವರು ನಗುತ್ತಿದ್ದರು.

ಹನ್ನೊಂದನೆಯ ದಿನ, ಆಟ ಶುರುವಾದ ಮೇಲೆ ಬಂದವನೊಬ್ಬ ಅವನ ಪಕ್ಕದಲ್ಲಿ ಕುಳಿತನು. ರಂಗದ ಮೇಲಿನ ತಂದೆ ಮಗಳ ಹೆಣದ ಮುಂದೆ ಅತ್ತಾಗ ಆ ಮನುಷ್ಯನೂ ಬಿಕ್ಕಿ ಬಿಕ್ಕಿ ಅತ್ತನು. ಖಳನ ಎದೆಗೆ ಕತ್ತಿ ಇಳಿದಾಗ ಎದ್ದು ನಿಂತು, ಕಲ್ಲುಕುಟಿಗನಿಗಿಂತ ಮೊದಲೇ ಕೂಗಿದನು: “ಒನ್ಸ್ ಮೋರ್! ಇನ್ನೊಂದು ಹಾಕು ಆ ಪಾಪಿಗೆ!”

ಕಲ್ಲುಕುಟಿಗನು ತಿರುಗಿ ನೋಡಿದನು. ಕೂಗಿದವನು ಆ ವರ್ತಕನೇ.

ವರ್ತಕನ ಕಣ್ಣು ರಂಗದ ಮೇಲೆಯೇ ಇತ್ತು. ಪಕ್ಕದಲ್ಲಿರುವವನು ಯಾರೆಂದು ನೋಡದೆ, ಕೆನ್ನೆ ಒರೆಸಿಕೊಳ್ಳುತ್ತಾ, “ಹೆತ್ತ ಕರುಳು ಅಣ್ಣಾ, ಹೆತ್ತ ಕರುಳು. ಇಂಥವರನ್ನು ಬಿಡಲೇಬಾರದು” ಎಂದನು.

ಕಲ್ಲುಕುಟಿಗನ ಕೈ ಉಳಿಯ ಮೇಲಿತ್ತು. ಆ ಕಣ್ಣೀರು ಸುಳ್ಳಾಗಿರಲಿಲ್ಲ. ತನ್ನ ಮಗಳು ಸತ್ತಾಗ ಊರಿನಲ್ಲಿ ಯಾರೂ ಅಷ್ಟು ಅತ್ತಿರಲಿಲ್ಲ. ಇವನು ಅಳುತ್ತಿರುವುದು ಯಾರಿಗಾಗಿ ಎಂದು ಅವನಿಗೆ ತಿಳಿಯಲಿಲ್ಲ. ಹತ್ತು ದಿನ ತಾನು ಕೂಗಿದ್ದು ಯಾರಿಗಾಗಿ ಎಂಬುದೂ ತಿಳಿಯದಾಯಿತು. ಅಷ್ಟರಲ್ಲಿ ರಂಗದ ಮೇಲೆ ಸತ್ತವನು ಎದ್ದು ನಿಂತನು. ವರ್ತಕನು ಚಪ್ಪಾಳೆ ತಟ್ಟಿದನು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನು ಕಾದನು. ಅವನು ಇನ್ನಷ್ಟು ಹತ್ತಿರ ಸರಿದು ಕೇಳಿದನು: “ಆಮೇಲೆ? ಕಲ್ಲುಕುಟಿಗ ಅವನನ್ನು ಇರಿದನೇ, ಇಲ್ಲವೇ?”

ಗುರುಗಳು ಅವನ ಮುಖವನ್ನೇ ನೋಡುತ್ತಾ ಹೇಳಿದರು: “ನಾನು ‘ಇರಿದ’ ಎನ್ನಲಿ ಎಂದು ಕಾಯುತ್ತಿದ್ದೀಯಲ್ಲ, ಮಗು.”