ಹದ್ದು ಹೋದ ಮೇಲೆ

ಚುಕ್ಕಿ ಎಂಬ ಹೇಂಟೆ ಮೊಟ್ಟೆಯಿಡುವ ವಯಸ್ಸಿಗೆ ಬಂದಿದ್ದರೂ, ಮೋಡದ ನೆರಳು ಬಿದ್ದರೆ ಸಾಕು, ಬೆದರಿ ಓಡುತ್ತಿದ್ದಳು. ಒಂದು ಮಧ್ಯಾಹ್ನ ಒಣಹಾಕಿದ ಸೀರೆ ಗಾಳಿಗೆ ಹಾರಿದ್ದೇ ತಡ, ತಿನ್ನುತ್ತಿದ್ದ ಕಾಳನ್ನೂ ಬಿಟ್ಟು ಮುದಿ ತಾಯಿಯ ಪಕ್ಕ ಬಂದು ನಡುಗುತ್ತಾ ಕುಳಿತಳು.

"ಅದು ಸೀರೆ ಕಣೇ!" ಎಂದಳು ತಾಯಿ.

"ಕಣ್ಣಿಗೆ ಗೊತ್ತಮ್ಮ, ಕಾಲಿಗೆ ಗೊತ್ತಿಲ್ಲ. ಅಕ್ಕನೂ ನಾನೂ ನಿನ್ನ ರೆಕ್ಕೆಯಡಿಯಲ್ಲೇ ಬೆಳೆದೆವು. ಅವಳಿಗೆ ಅಲ್ಲಿನ ಬಿಸುಪು ನೆನಪಿದೆ. ನನಗೆ ನೆನಪಿರುವುದು ಡವಡವ ಎನ್ನುತ್ತಿದ್ದ ನಿನ್ನ ಎದೆ."

ತಾಯಿಗೆ ಸಿಟ್ಟು ಬಂತು. "ನನ್ನ ಮೊದಲ ಮರಿಯನ್ನು ಹದ್ದು ಎತ್ತಿಕೊಂಡು ಹೋಗಿತ್ತು. ಆಮೇಲೂ ಕೂಗದೆ ಸುಮ್ಮನಿರಬೇಕಿತ್ತೇನು?"

"ನೀನು ಕೂಗಿದ್ದಕ್ಕೇ ನಾನು ಬದುಕಿದ್ದೇನೆ. ಆದರೆ ಹದ್ದು ಬಂತು, ಹದ್ದು ಬಂತು ಎಂದೇ ಕೂಗುತ್ತಿದ್ದೆ. ಅದು ಹೋಯಿತು ಎಂದು ಒಂದು ಸಲವೂ ಹೇಳಲಿಲ್ಲವಲ್ಲಮ್ಮ."

ತಾಯಿ ಮೆಲ್ಲಗೆ ರೆಕ್ಕೆ ಬಿಚ್ಚಿದಳು. ಅದರಡಿ ಈಗ ಮಗಳ ತಲೆಯಷ್ಟೇ ಹಿಡಿಸಿತು. ತಾಯಿ ಕೊರಳೆತ್ತಿ ಆಕಾಶವನ್ನೆಲ್ಲ ನೋಡಿ, "ಹದ್ದು ಹೋಯಿತು ಮಗಳೇ, ಯಾವತ್ತೋ ಹೋಯಿತು" ಎಂದಳು.

ಆಗ ರೆಕ್ಕೆಯಡಿಯಲ್ಲಿದ್ದ ಚುಕ್ಕಿಗೆ, ತಾಯಿಯ ಎದೆ ನಿಧಾನವಾಗಿ ಬಡಿಯುವುದು ಮೊದಲ ಬಾರಿ ಕೇಳಿಸಿತು.