ಗಾಳಿಯನ್ನು ಆಳಾಗಿ ಇಟ್ಟುಕೊಂಡ ಶಾಸ್ತ್ರಿಗಳು

"ಗಾಳಿ ನನ್ನ ಮನೆಯಾಳು, ಪ್ರಭು. ನಾನು ಹೇಳದೆ ಒಂದು ಎಲೆಯನ್ನೂ ಅಲ್ಲಾಡಿಸುವುದಿಲ್ಲ" ಎಂದರು ಸಿಂಗಣಶಾಸ್ತ್ರಿಗಳು.

ಹಾಗೆನ್ನುವಾಗ ಅವರ ತಲೆಯ ಮೇಲೆ ಬರೀ ಆಕಾಶವಿತ್ತು. ಬಿದರಗುಡ್ಡದ ಪಾಳೆಯಗಾರ ಕೆಂಚವೀರನಾಯಕ ಗುಡ್ಡದ ನೆತ್ತಿಯಲ್ಲಿ ಕಟ್ಟಿಸಿದ ಹೊಸ ಚಾವಡಿಯ ಚಾವಣಿ, ಹಿಂದಿನ ದಿನದ ಆಷಾಢದ ಗಾಳಿಗೆ ಎದ್ದುಹೋಗಿ ಕೆಳಗಿನ ಕೆರೆಯಲ್ಲಿ ಬಿದ್ದಿತ್ತು.

ನಕ್ಷೆ ಶಾಸ್ತ್ರಿಗಳದು, ಕಟ್ಟಿದ್ದು ಮೇಸ್ತ್ರಿ ಮಾಳಜ್ಜ. ತಪ್ಪು ಯಾರದೋ ಅವರ ಬಲಗೈ ಹೆಬ್ಬೆರಳು ತೆಗೆಸುತ್ತೇನೆಂದು ನಾಯಕ ಆಣೆಯಿಟ್ಟಿದ್ದ.

ವಾಯುಮೂಲೆಯಲ್ಲಿ ಯಂತ್ರ ಹೂಳಿ ಗಾಳಿಯನ್ನು ಕಟ್ಟಿಹಾಕಿದ್ದೇನೆ, ಚಾವಣಿ ಹಾರಿದ್ದು ಮೇಸ್ತ್ರಿಯ ಕೈದೋಷ ಎಂಬುದು ಶಾಸ್ತ್ರಿಗಳ ವಾದ.

ಮಾಳಜ್ಜ ಬೆರಳು ಮುಚ್ಚಿಕೊಂಡು ನಿಂತಿದ್ದ. ವಾಯುದೇವರಿಗೆ ಕೈಮುಗಿಯದೆ ಒಂದು ಕಲ್ಲನ್ನೂ ಇಟ್ಟವನಲ್ಲ ಅವನು. ಸೂರು ನಕ್ಷೆಯಲ್ಲಿರುವಷ್ಟು ಹೊರಚಾಚಿದರೆ ಗಾಳಿಗೆ ಹಿಡಿಕೆ ಕೊಟ್ಟಂತೆ, ಜಂತಿಗಳನ್ನು ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿಯೋಣ, ಪಡುವಣ ಕಿಟಕಿಯಿಂದ ನುಗ್ಗಿದ ಗಾಳಿ ಹೊರಹೋಗಲು ಮೂಡಣಕ್ಕೂ ಕಿಟಕಿ ಬಿಡೋಣ ಎಂದು ಮೂರು ಸಲ ಬೇಡಿಕೊಂಡಿದ್ದ. ದನದ ಕೊಟ್ಟಿಗೆ ಕಟ್ಟುವವನಿಗೆ ಶಾಸ್ತ್ರವೇಕೆಂದು ಶಾಸ್ತ್ರಿಗಳು ಮೂರು ಸಲವೂ ನಕ್ಕಿದ್ದರು.

ಅಷ್ಟರಲ್ಲಿ ಆಸ್ಥಾನದ ವಿದೂಷಕ ಹೊನ್ನಪ್ಪಯ್ಯ ಎದ್ದು ಶಾಸ್ತ್ರಿಗಳಿಗೆ ಅಡ್ಡಬಿದ್ದ. ಇಂಥ ಮಹಿಮರು ಏಳು ಸೀಮೆಯಲ್ಲಿಲ್ಲ ಎಂದು ಕೊಂಡಾಡಿದ. ಮಾಳಜ್ಜನ ಕಡೆಗಿದ್ದವನು ಇವನೊಬ್ಬನೇ, ಈಗ ಇವನೂ ಕೈಬಿಟ್ಟಂತಾಯಿತು.

"ನಿನ್ನೆಯೂ ಗಾಳಿ ತಮ್ಮ ಮಾತಿನಲ್ಲೇ ಇತ್ತೇ, ಸ್ವಾಮಿ?" ಎಂದು ಕೇಳಿದ ಹೊನ್ನಪ್ಪಯ್ಯ.

"ಸಂಶಯವೇನು?"

"ನಮ್ಮ ಸೀಮೆಯಲ್ಲಿ ಆಳು ಊರವರ ಗೋಡೆ ಕೆಡವಿದರೆ ತಪ್ಪು ಯಾರ ತಲೆಗೆ?"

"ಒಡೆಯನ ತಲೆಗೆ. ಇದೂ ಗೊತ್ತಿಲ್ಲವೇನಯ್ಯಾ" ಎಂದುಬಿಟ್ಟರು ಶಾಸ್ತ್ರಿಗಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು.

ಸಭೆ ಗೊಳ್ಳೆಂದಿತು. ಗಾಳಿ ದೇವರದು, ಅದನ್ನು ಹಿಡಿಯಲು ಯಾರಿಂದಾದೀತು ಎಂದು ಶಾಸ್ತ್ರಿಗಳು ತೊದಲಿದರು.

"ಹಿಡಿಯಲಾಗದು ಎಂದೇ ತಾನೇ ಮಾಳಜ್ಜ ಕಬ್ಬಿಣದ ಪಟ್ಟಿ ಕೇಳಿದ್ದು?" ಎಂದ ಹೊನ್ನಪ್ಪಯ್ಯ.

ನಾಯಕ ಶಾಸ್ತ್ರಿಗಳ ಬೆರಳನ್ನೇ ದಿಟ್ಟಿಸಿದ. ಹೊನ್ನಪ್ಪಯ್ಯ ತಡೆದ. ಹೆಬ್ಬೆರಳಿಲ್ಲದ ಕೈಗೆ ಬುಟ್ಟಿ ನಿಲ್ಲುವುದಿಲ್ಲ, ಕೆರೆಯಲ್ಲಿ ಬಿದ್ದ ಹೆಂಚನ್ನೆಲ್ಲ ಗುಡ್ಡಕ್ಕೆ ಹೊರುವವರು ಬೇಕಲ್ಲ ಎಂದ. ನಾಯಕನಿಗೆ ನಗು ತಡೆಯಲಾಗಲಿಲ್ಲ. ಬೆರಳು ಉಳಿಯಿತು, ಬುಟ್ಟಿ ಬಂತು. ಹೊಸ ಚಾವಣಿಯ ಯಜಮಾನಿಕೆ ಮಾಳಜ್ಜನಿಗೆ ಸಿಕ್ಕಿತು.

ಶಾಸ್ತ್ರಿಗಳು ಶಲ್ಯ ಸರಿಪಡಿಸಿಕೊಳ್ಳುತ್ತ, ತಾವು ಹೊರುವುದು ಚೆನ್ನಾಗಿರುವುದಿಲ್ಲ, ಮನೆಯಿಂದ ಇಬ್ಬರು ಆಳುಗಳನ್ನು ಕಳಿಸುತ್ತೇನೆ ಎಂದರು.

ಹೊನ್ನಪ್ಪಯ್ಯ ಬುಟ್ಟಿಯನ್ನು ಅವರ ಕೈಗೇ ಕೊಟ್ಟ.

"ಬೇಡ ಸ್ವಾಮಿ. ಆಳು ಮಾಡಿದ್ದು ಹಾಳು ಅಂತ ಹಿರಿಯರೇ ಹೇಳಿದ್ದಾರೆ. ತಾನು ಮಾಡಿದ್ದೇ ಉತ್ತಮ."