ರೇಷ್ಮೆ ಬಿಡದ ಕೆಂಪು

"ಅಜ್ಜಾರ, ಬರೆಯೋದಷ್ಟ ನನ್ನ ಕೈ, ಮಾತು ಅವರದು. ಅದರ ಪಾಪ ನನಗೂ ಅಂಟತೈತೇನ್ರಿ?"

ಸ್ವಾಮಿಗಳನ್ನು ಹೀಗೆ ಕೇಳಿದವನು ಸಂಗಯ್ಯ. ಚಿಕ್ಕಂದಿನಿಂದ ಮಠದಲ್ಲೇ ಓದಿ ಬೆಳೆದ ಶಿಷ್ಯ. ಈಗ ಊರಿನ ಒಬ್ಬ ಮುಖಂಡನಿಗೆ ಭಾಷಣ ಬರೆದುಕೊಡುತ್ತಿದ್ದ. ಭಾಷಣವೆಂದರೆ ಒಂದು ಓಣಿಯವರನ್ನು ಇನ್ನೊಂದು ಓಣಿಯವರ ಮೇಲೆ ಎತ್ತಿಕಟ್ಟುವ ಹಸಿ ಸುಳ್ಳುಗಳು. ಸಂಜೆಯೊಳಗೆ ಮತ್ತೊಂದನ್ನು ಮುಗಿಸಬೇಕಿತ್ತು. ಬೆಳಗಿನಿಂದ ಅವನಿಗೆ ಕೂತಲ್ಲಿ ಕೂರಲಾಗಿರಲಿಲ್ಲ, ಊಟ ಸೇರಿರಲಿಲ್ಲ. ಅಂಟುವುದಿಲ್ಲ ಹೋಗು ಎಂದು ಸ್ವಾಮಿಗಳು ಒಂದು ಮಾತು ಅಂದಿದ್ದರೆ ಓಡಿಹೋಗಿ ಬರೆದುಬಿಡುತ್ತಿದ್ದ.

ಸ್ವಾಮಿಗಳು ಹಾಗೆ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ರೇಷ್ಮೆ ನೂಲಿಗೆ ಬಣ್ಣ ಹಾಕುವುದು ಅವನ ಮನೆತನದ ಕೆಲಸ. ಬಣ್ಣದ ನೀರಿಗೆ ಹುಳಿ ಸಾಕಷ್ಟು ಬಿದ್ದಿದೆಯೇ ಎಂದು ತಿಳಿಯಲು ಅವನ ಅಪ್ಪ ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದ. ಮಗನೂ ಅದನ್ನೇ ಕಲಿತ. ಅಪ್ಪನ ಕಾಲದ ಬಣ್ಣ ಬೇರು, ತೊಗಟೆಗಳದ್ದು. ಮಗನ ಕಾಲಕ್ಕೆ ಕಾರ್ಖಾನೆಯ ಪುಡಿ ಬಂತು. ಅದರ ಕೆಂಪು ಒಮ್ಮೆ ರೇಷ್ಮೆ ಹಿಡಿಯಿತೆಂದರೆ ಎಷ್ಟು ತೊಳೆದರೂ ಬಿಡದು. ಬಣ್ಣ ಬೇರೆಯಾದರೂ ಬಣ್ಣಗಾರ ನಾಲಿಗೆಗೆ ಹಚ್ಚಿ ನೋಡುವ ರೂಢಿ ಬಿಡಲಿಲ್ಲ.

ಬೇಡವೆಂದು ಹೆಂಡತಿ ಗೋಗರೆದಳು. ಅವನು ಹತ್ತಿಯ ಧೋತರದ ಚುಂಗನ್ನು ಅದೇ ಬಣ್ಣದಲ್ಲಿ ಅದ್ದಿ, ನೀರಲ್ಲಿ ಜಾಲಿಸಿ ತೋರಿಸಿದ. ಚುಂಗು ಬೆಳ್ಳಗಾಯಿತು.

"ನೋಡು, ಅರಿವ್ಯಾಗ ನಿಲ್ಲದ್ದು ಮೈಯಾಗ ನಿಲ್ತೈತೇನು?"

ಅವಳಿಗೆ ಸಮಾಧಾನವಾಗಲಿಲ್ಲ. ಅವನು ಮಾತ್ರ ಅಂದಿನಿಂದ ಇನ್ನಷ್ಟು ಧೈರ್ಯವಾಗಿ ರುಚಿ ನೋಡಿದ.

ಕೆಲವು ವರ್ಷಗಳಲ್ಲಿ ಅವನ ಮುಖ ಬಾತುಕೊಂಡಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಅವನ ಕಸುಬು ಏನೆಂದು ಕೇಳಿದರು, ನಾಲಿಗೆಯ ರೂಢಿಯನ್ನೂ ಕೇಳಿ ತಿಳಿದುಕೊಂಡರು. ಆಮೇಲೆ ಹೇಳಿದರು: "ನಿಮ್ಮ ಪುಡಿ ಹತ್ತಿಯನ್ನು ಹಿಡಿಯುವುದಲ್ಲ. ರೇಷ್ಮೆ ಅಂದರೆ ಹುಳುವಿನ ಮೈಯಿಂದ ಬಂದ ಪ್ರೋಟೀನು, ಪುಡಿ ಹಿಡಿಯುವುದು ಅದನ್ನು. ನಿಮ್ಮ ರಕ್ತದಲ್ಲೂ ಪ್ರೋಟೀನು ಇದೆ. ಒಳಗೆ ಬಂದದ್ದನ್ನು ಹೊತ್ತು ಮೈಯೆಲ್ಲ ತಿರುಗುವುದು ಅದರ ಕೆಲಸ. ನಾಲಿಗೆಯಿಂದ ಇಳಿದ ಬಣ್ಣ ಅದಕ್ಕೇ ಅಂಟಿಕೊಂಡು ಎಲ್ಲ ಕಡೆ ಹೋಗಿದೆ. ಮೂತ್ರಪಿಂಡ ಕೆಟ್ಟಿದೆ."

"ಅದನ್ನ ತೊಳದು ತಗಿಯಾಕ ಬರೂದಿಲ್ಲೇನ್ರಿ?"

ಬರುವುದಿಲ್ಲ ಎಂದರು ಡಾಕ್ಟರು. ಬಣ್ಣಗಾರ ಹೆಚ್ಚು ಕಾಲ ಬದುಕಲಿಲ್ಲ.

ಇಷ್ಟಕ್ಕೆ ಸ್ವಾಮಿಗಳು ಕತೆ ಮುಗಿಸಿದರು. ಕತೆ ಎಲ್ಲಿಗೆ ಬಂದು ನಿಂತಿದೆಯೆಂದು ಸಂಗಯ್ಯನಿಗೆ ಗೊತ್ತಾಗಿತ್ತು, ಆದರೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಆದರ ಅಜ್ಜಾರ, ಇಷ್ಟು ದಿನದಿಂದ ಬರೀತೀನಿ. ನನ್ನ ನಡತಿಯೊಳಗ ಊರಾಗ ಯಾರೂ ಒಂದು ಕಲೆ ಕಂಡಿಲ್ರಿ."

ಸ್ವಾಮಿಗಳು ಅವನನ್ನು ಮರುಕದಿಂದ ನೋಡಿ ಅಂದರು:

"ಅವರೆಲ್ಲ ನಿನ್ನ ಧೋತರ ನೋಡ್ಯಾರಪ್ಪಾ."